ಮೊಳಕಾಲೂ ಬೆಟ್ಟವೂ

ಮನುಷ್ಯನಿಗೆ ಕಾಲುಗಳಿವೆಯೆಂಬ ಸಂಗತಿಯು ಅವು ನೋಯತೊಡಗುವವರೆಗೆ ಅವನ ಲಕ್ಷ್ಯಕ್ಕೆ ಬರುವುದಿಲ್ಲ. ಕಣ್ಣು ಮಬ್ಬಾದರೆ ಕನ್ನಡಕವುಂಟು. ಹಲ್ಲು ಬಿದ್ದರೆ ಕಟ್ಟಿಸಿಕೊಳ್ಳಬಹುದು. ಕಿವಿ ಮಂದವಾದರೆ ಎದುರಿನವರು ಗಟ್ಟಿಯಾಗಿ ಮಾತನಾಡುತ್ತಾರೆ. ಮೊಳಕಾಲು ಮುನಿದಾಗಲಾದರೋ ಊರಿಗೆ ಊರೇ ಬೇರೆಯಾಗಿಬಿಡುತ್ತದೆ. ನಿನ್ನೆಯವರೆಗೆ ಹತ್ತು ಮಾರು ದೂರದಲ್ಲಿದ್ದ ಅಂಗಡಿಯು ಇಂದು ಪರಸ್ಥಳವಾಗುತ್ತದೆ. ಹುಟ್ಟಿದಂದಿನಿಂದ ದಾಟಿದ ಹೊಸ್ತಿಲು ಯೋಚಿಸಿ ದಾಟಬೇಕಾದ ಗಟ್ಟವಾಗುತ್ತದೆ. ಅಲ್ಲಿಂದ ಮುಂದೆ ಹತ್ತಿರ ದೂರಗಳನ್ನು ಮೈಲಿಗಳಲ್ಲಿ ಎಣಿಸದೆ ಮೆಟ್ಟಿಲುಗಳಲ್ಲಿ ಎಣಿಸಬೇಕಾಗುತ್ತದೆ.

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ ಬಂಡೆಗುಡ್ಡಗಳ ನಡುವೆ ಇರುವ ಮೊಳಕಾಲ್ಮೂರಿನ ಹೆಸರಿನಲ್ಲಿಯೇ ಮೊಳಕಾಲು ಇದೆ. ಆ ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ವಯಸ್ಸಾದವರು ಮಂಡಿ ಹಿಡಿದುಕೊಂಡು ಏಳುವಾಗ ಅದನ್ನು ನೆನೆದು ನಗುವುದುಂಟು. ಹಾಗೆ ನಗುವವರಲ್ಲಿ ಒಬ್ಬರು ರೇಷ್ಮೆಯ ಸೀರೆಗಳನ್ನು ನೇಯುತ್ತ 50 ವರ್ಷ ಕಳೆದ ನೇಕಾರರು. ಮೊಳಕಾಲ್ಮೂರಿನ ಸೀರೆಯ ಅಂಚು ಸೆರಗುಗಳ ಬೆಡಗನ್ನು ಬಲ್ಲವರು ನಾಡಿನಲ್ಲೆಲ್ಲ ಇದ್ದಾರೆ. ಅದನ್ನು ನೇಯ್ದವರ ಕಾಲುಗಳನ್ನು ಬಲ್ಲವರು ಕಡಿಮೆ. ಕುಣಿಮಗ್ಗದ ಮುಂದೆ ನೆಲದ ಮಟ್ಟದಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಕ್ಕೆ ಇಳಿಬಿಟ್ಟು, ಒಂದೊಂದು ಪಾದದಿಂದ ಒಂದೊಂದು ಹಲಗೆಯನ್ನು ತುಳಿಯುತ್ತ ಹೋದರೆ ಹಾಸು ಬಾಯಿ ಬಿಡುತ್ತದೆ, ಲಾಳಿ ಓಡುತ್ತದೆ, ಹೊಕ್ಕು ಕೂಡುತ್ತದೆ. ಕೈಗಳ ಚಾತುರ್ಯವು ಸೀರೆಯಲ್ಲಿ ಕಾಣುತ್ತದೆ. ಕಾಲುಗಳ ದುಡಿಮೆ ಕುಣಿಯಲ್ಲಿಯೇ ಉಳಿಯುತ್ತದೆ. ಊರೂರಿಗೆ ಹೋದ ಸೀರೆಗಳನ್ನು ನೇಯ್ದ ಆ ಕಾಲುಗಳು ಯಜಮಾನರ 72ನೆಯ ವರ್ಷದಲ್ಲಿ ಬೀದಿಯ ತಿರುವಿನವರೆಗೂ ಹೋಗಲಾರೆವೆಂದುವು.

ಆದರೂ ಹೋಗದೆ ತೀರದು. ತಿಂಗಳಿಗೊಮ್ಮೆಯಾದರೂ ಅವರು ಚಳ್ಳಕೆರೆಯನ್ನು ಕಾಣಬೇಕು. ಮಂಡಿಯ ವೈದ್ಯರು ಅಲ್ಲಿದ್ದಾರೆ, ಮಗಳ ಮನೆಯೂ ಅಲ್ಲಿದೆ. ಬಸ್ಸಿನ ಮೊದಲನೆಯ ಮೆಟ್ಟಿಲು ನೆಲದಿಂದ ಅವರ ಮೊಳಕಾಲಿನ ಎತ್ತರಕ್ಕೆ ಇರುತ್ತದೆ. ಯೌವನದಲ್ಲಿ ಅದು ಮೆಟ್ಟಿಲೆಂದು ತೋರುವುದೇ ಇಲ್ಲ. ಅವರು ಮೊದಲು ಊರುಗೋಲನ್ನು ಒಳಕ್ಕೆ ಕೊಡುತ್ತಾರೆ. ಬಳಿಕ ಎರಡು ಕೈಗಳಿಂದಲೂ ಕಂಬಿಯನ್ನು ಹಿಡಿಯುತ್ತಾರೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ವೈದ್ಯರು ಕಲಿಸಿದ ಸೂತ್ರವನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಾರೆ. ಅಷ್ಟರಲ್ಲಿ ಹಿಂದಿನವರ ತಾಳ್ಮೆ ತೀರಿರುತ್ತದೆ. 2023ನೆಯ ಇಸವಿಯ ಜೂನ್ 11ರಂದು ರಾಜ್ಯದ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹಣವಿಲ್ಲದೆ ಪ್ರಯಾಣಮಾಡುವ ಅನುಕೂಲವಾಯಿತು. ಅದರಿಂದ ಎಷ್ಟೋ ಮಂದಿ ಮುದುಕಿಯರು ತವರನ್ನೂ ದೇವರನ್ನೂ ಕಂಡುಬಂದರು. ಅಂಥವರಲ್ಲಿ ಒಬ್ಬಾಕೆ ಬಸ್ಸಿನ ಬಾಗಿಲಿನಲ್ಲಿ ನಿಂತು ನೇಕಾರರಿಗೆ ಹೇಳಿದ ಮಾತು ಇದು: “ದುಡ್ಡು ಇಳಿಸ್ಯಾರೆ, ಮೆಟ್ಲು ಇಳಿಸಿಲ್ಲ ನೋಡಣ್ಣ.” ಉಪಕಾರವನ್ನು ಮರೆತು ಆಡಿದ ಮಾತಲ್ಲ ಅದು, ಉಪಕಾರವು ತನ್ನ ಕಾಲಿನವರೆಗೆ ಬಂದು ಮುಟ್ಟಲಿಲ್ಲವೆಂಬ ನಿಜವನ್ನು ಹೇಳಿದ ಮಾತು.

ಚಳ್ಳಕೆರೆಯು ಎಣ್ಣೆಯ ಗಿರಣಿಗಳಿಂದ ಹೆಸರಾದ ವ್ಯಾಪಾರದ ಊರು. ಕಡಲೆಕಾಯಿ ಮೂಟೆ ಹೊತ್ತ ಲಾರಿಗಳು, ಕೈಗಾಡಿಗಳು, ದ್ವಿಚಕ್ರವಾಹನಗಳು ರಸ್ತೆಯನ್ನು ತಮ್ಮದಾಗಿ ಮಾಡಿಕೊಂಡಿರುವಾಗ ನಡೆಯುವವನಿಗೆ ಉಳಿಯುವುದು ಚರಂಡಿಯ ಮೇಲಿನ ಚಪ್ಪಡಿ. ಅದೂ ಒಂದು ಕಡೆ ಎದ್ದು ಒಂದು ಕಡೆ ಕುಸಿದಿರುತ್ತದೆ. ಅಂಗಡಿಗಳ ಕಟ್ಟೆ ಎತ್ತರ. ಕಾಗದಪತ್ರದ ಕೆಲಸವಿರುವ ಕಚೇರಿ ಮಹಡಿಯ ಮೇಲೆ. ಆದುದರಿಂದ ನೇಕಾರರ ಮನಸ್ಸಿನಲ್ಲಿ ಊರಿನ ಬೇರೊಂದು ನಕ್ಷೆ ಸಿದ್ಧವಾಗಿದೆ. ಅದರಲ್ಲಿ ದೊಡ್ಡ ಕಟ್ಟಡಗಳೂ ವೃತ್ತಗಳೂ ಇಲ್ಲ. ಕುಳಿತುಕೊಳ್ಳಲು ದೊರೆಯುವ ಸ್ಥಳಗಳು ಮಾತ್ರ ಇವೆ. ದರ್ಜಿಯ ಅಂಗಡಿಯ ಮುಂದಿನ ಬೆಂಚು, ಔಷಧದ ಅಂಗಡಿಯವನು ನೋಡಿದೊಡನೆ ಹೊರಕ್ಕೆ ತರುವ ಕುರ್ಚಿ, ಅರಳಿಯ ಕಟ್ಟೆ. ಇವುಗಳ ನಡುವಣ ಅಂತರವೇ ಅವರ ಹರದಾರಿ. ಕುರ್ಚಿಯನ್ನು ಹೊರಕ್ಕೆ ತರುವ ಆ ಔಷಧದ ಅಂಗಡಿಯವನು ಬೇರೆ ಯಾವ ಪುಣ್ಯವನ್ನು ಮಾಡಿದ್ದಾನೋ ಗೊತ್ತಿಲ್ಲ. ಅವನ ಅಂಗಡಿಯ ಮುಂದೆ ಊರು ಸ್ವಲ್ಪ ಚಿಕ್ಕದಾಗುತ್ತದೆ.

ಇಂಥವರ ವಿಷಯದಲ್ಲಿ ಶಾಸನಗಳು ಇಲ್ಲವೆಂದಲ್ಲ. 1995ರಲ್ಲಿ ಒಂದು ಕಾಯಿದೆಯಾಯಿತು. ಅದರ ಸ್ಥಾನದಲ್ಲಿ 2016ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಬಂದು 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಸಾರ್ವಜನಿಕ ಕಟ್ಟಡಗಳೂ ವಾಹನಗಳೂ ಸರ್ವರಿಗೂ ಸುಗಮವಾಗಿರಬೇಕೆಂಬುದು ಅದರ ಆಶಯ. ಸೌಕರ್ಯದ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯಕೂಡದು, ಕಡ್ಡಾಯವಾಗಿರಬೇಕು ಎಂದು 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಮೆಟ್ಟಿಲಿಗೆ ಬದಲಾಗಿ ಇಳಿಜಾರನ್ನು ಕಟ್ಟುವುದಕ್ಕೆ ಒಂದು ಲೆಕ್ಕವೂ ಉಂಟು: 1 ಅಡಿ ಏರಬೇಕಾದರೆ 12 ಅಡಿ ಉದ್ದ ಬೇಕು, 2 ಅಡಿಯ ಜಗುಲಿಗೆ 24 ಅಡಿ. ಅಷ್ಟು ಸ್ಥಳವಿಲ್ಲವೆಂದು ಕಡಿದಾಗಿ ಕಟ್ಟಿದ ಇಳಿಜಾರಿನಲ್ಲಿ ಗಾಲಿಕುರ್ಚಿ ಏರುವುದಿಲ್ಲ. ಅದರ ಬುಡದಲ್ಲಿ ಬೈಸಿಕಲ್ಲುಗಳು ನಿಲ್ಲುತ್ತವೆ. ಇರಲಿ, ಊರಿನ ಮಟ್ಟಿಗೆ ಈ ಲೆಕ್ಕವಾದರೂ ಇದೆ. ಬೆಟ್ಟದ ವಿಷಯ ಬಂದಾಗ ಅದೂ ಕೈಬಿಡುತ್ತದೆ; ಮತ್ತು ನೇಕಾರರ ಮನಸ್ಸಿನಲ್ಲಿ ಇದ್ದುದು ಒಂದು ಬೆಟ್ಟವೇ.

ಅದು ಜಟಿಂಗರಾಮೇಶ್ವರ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಸಮುದ್ರಮಟ್ಟದಿಂದ 3,469 ಅಡಿ ಎತ್ತರಕ್ಕೆ ಎದ್ದಿರುವ ಬಂಡೆಯ ಬೆಟ್ಟ; ತುದಿಯಲ್ಲಿ ಈಶ್ವರನ ಗುಡಿ; ಅಲ್ಲಿಗೆ ಹೋಗಲು ನೂರಾರು ಮೆಟ್ಟಿಲು. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದ ಜಟಾಯುವು ರೆಕ್ಕೆ ಕಡಿದು ಬಿದ್ದುದು ಇಲ್ಲಿಯೇ ಎಂದೂ, ರಾಮನು ಇಲ್ಲಿ ಲಿಂಗವನ್ನು ಸ್ಥಾಪಿಸಿದನೆಂದೂ ಸ್ಥಳದ ಐತಿಹ್ಯ. ನೇಕಾರರು ಮದುವೆಯಾದ ವರ್ಷ ಹೆಂಡತಿಯೊಡನೆ ಈ ಬೆಟ್ಟವನ್ನು ಹತ್ತಿದ್ದರು. ಗುಡಿಗೆ ಹೋಗುವ ಮೆಟ್ಟಿಲಸಾಲಿನ ಎದುರಿಗೆ ಒಂದು ಬಂಡೆಯುಂಟು. ಹಿಂದಿನ ಕಾಲದಲ್ಲಿ ಹಬ್ಬದ ದಿನಗಳಲ್ಲಿ ಬಳೆಗಾರರು ಅದರ ಮೇಲೆ ಬಳೆಗಳನ್ನು ಹರವಿ ಮಾರುತ್ತಿದ್ದುದರಿಂದ ಅದಕ್ಕೆ ಬಳೆಗಾರ ಗುಂಡು ಎಂದು ಹೆಸರು. ಆಕೆ ಮೆಟ್ಟಿಲಿನ ಮೇಲೆ ಕುಳಿತು, ಹೆಸರಿಗೆ ಬಳೆಗಾರ, ಕೊಡಲು ಒಂದು ಬಳೆಯೂ ಇಲ್ಲ, ಎಂದು ನಕ್ಕಳು. ಕೆಳಗಿಳಿದ ಮೇಲೆ ಅವರು ಒಂದು ಡಜನ್ ಹಸಿರು ಬಳೆ ಕೊಡಿಸಿದರು. ಮತ್ತೊಮ್ಮೆ ಜೊತೆಯಾಗಿ ಬರಬೇಕೆಂದು ಆ ದಿನ ಆಡಿದ ಮಾತು ಸಂಸಾರದ ತೊಡಕಿನಲ್ಲಿ ಮುಂದುಮುಂದಕ್ಕೆ ಹೋಯಿತು. ಆಕೆ ತೀರಿಕೊಂಡಳು, ಮಾತು ಉಳಿಯಿತು. ಅದನ್ನು ತೀರಿಸಬೇಕೆಂದು ಅವರು ಎದ್ದಾಗ ಮೊಳಕಾಲು ಏಳಲಿಲ್ಲ.

ಮಕ್ಕಳು ಒಳ್ಳೆಯವರು. ಡೋಲಿ ಕಟ್ಟಿ ನಾಲ್ವರು ಹೊತ್ತುಕೊಂಡು ಹೋಗುವೆವೆಂದರು. ಅವರು ಒಪ್ಪಲಿಲ್ಲ. ಕಾರಣವನ್ನು ಮೊಮ್ಮಗನು ಕೇಳಿದಾಗ ಹೇಳಿದರು: “ನಾಲ್ಕು ಜನದ ಹೆಗಲ ಮ್ಯಾಲೆ ಹೋಗೋ ದಿನ ಒಂದೈತಲ್ಲ ಮಗಾ. ಅವತ್ತು ನಾನು ಬ್ಯಾಡ ಅನ್ನಾಕಾಗಲ್ಲ. ಇವತ್ತು ಅನ್ನಬೌದು.” ಹೊರುವವರ ಪ್ರೀತಿಯಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆದರೆ ಜೀವಮಾನವೆಲ್ಲ ತನ್ನ ಹೊರೆಯನ್ನು ತಾನೇ ಹೊತ್ತವನಿಗೆ ತಾನೇ ಹೊರೆಯಾಗುವುದು ಮಂಡಿಯ ನೋವಿಗಿಂತ ಹೆಚ್ಚಿನ ನೋವು. ಭಗವತ್ಕೃಪೆಯಿದ್ದರೆ ಪಂಗುವೂ ಗಿರಿಯನ್ನು ದಾಟುವನೆಂದು ಭಕ್ತರು ಹೇಳುತ್ತ ಬಂದಿದ್ದಾರೆ. ದಾಟುವುದನ್ನು ಕೃಪೆಗೆ ಬಿಟ್ಟು, ದಾರಿ ಮಾಡುವ ತಮ್ಮ ಕೆಲಸವನ್ನು ಮನುಷ್ಯರು ಮರೆತುಬಿಡುವುದು ಆ ಮಾತಿನ ತಪ್ಪಲ್ಲ.

ಕಡೆಗೆ ಕಾರ್ತಿಕಮಾಸದ ಒಂದು ಸೋಮವಾರ ತಾತನೂ ಮೊಮ್ಮಗನೂ ಹೊರಟರು. ಬಸ್ಸಿಳಿದು ಆಟೋ ಹಿಡಿದು ಬೆಟ್ಟದ ಬುಡವನ್ನು ಸೇರಿದರು. ತಾತ ಒಂದು ಕಲ್ಲಿನ ಮೇಲೆ ಕುಳಿತು, ಹುಡುಗನೊಬ್ಬನೇ ಹತ್ತಿ ಪೂಜೆ ಮಾಡಿಸಿ ಬರಬೇಕೆಂದು ನಿಶ್ಚಯವಾಗಿತ್ತು. ಹುಡುಗನು ಮುಕ್ಕಾಲು ಗಂಟೆಯಲ್ಲಿ ಮೇಲೆ ಸೇರಿ ತನ್ನ ಮೊಬೈಲು ಫೋನಿನಿಂದ ಕರೆದು ಗುಡಿಯನ್ನು ತೋರಿಸಿದನು. ತಾತ ಕೈಮುಗಿದರು. ಬಳಿಕ, “ಬಳೆಗಾರ ಗುಂಡು ತೋರ್ಸು” ಎಂದರು.

“ಅದ್ಯಾವುದು ತಾತ? ಇಲ್ಲಿ ಬರೀ ಬಂಡೆ ಅದಾವೆ.”

“ಗುಡಿಗೆ ಬೆನ್ನು ಮಾಡು. ಮೆಟ್ಲು ಮುಂದೆ ನೋಡು. ಕಂಬ ನೆಡಾಕೆ ಕೊರೆದ ಕುಳಿ ಕಾಣ್ತಾವಾ? ಅಲ್ಲೇ ಬಗ್ಗಿ ನೋಡು. ಅಕ್ಷರ ಐತೆ.”

ಹುಡುಗನು ಬಗ್ಗಿದನು. ಬಹಳ ಹೊತ್ತು ಮಾತೇ ಬರಲಿಲ್ಲ. ಅವನು ಆ ಬೆಟ್ಟವನ್ನು ಮೂರು ಸಲ ಹತ್ತಿದ್ದನು. ಆ ಬಂಡೆಯ ಪಕ್ಕದಲ್ಲಿಯೇ ನಿಂತು ಗೆಳೆಯರೊಡನೆ ಚಿತ್ರ ತೆಗೆಸಿಕೊಂಡಿದ್ದನು. ಅಕ್ಷರವನ್ನು ಮಾತ್ರ ಕಂಡಿರಲಿಲ್ಲ. ಕುರುಡನ ಹೆಗಲನ್ನು ಏರಿದ ಕುಂಟನು ದಾರಿ ತೋರುತ್ತಾನೆ, ಕುರುಡನು ನಡೆಯುತ್ತಾನೆ, ಇಬ್ಬರೂ ಊರು ಸೇರುತ್ತಾರೆ ಎಂದು ಸಾಂಖ್ಯರು ಪ್ರಕೃತಿಪುರುಷರ ಸಂಬಂಧಕ್ಕೆ ಕೊಡುವ ದೃಷ್ಟಾಂತವು ಪಾಠಶಾಲೆಗಳಲ್ಲಿ ಅಂಧಪಂಗುನ್ಯಾಯವೆಂದು ಪ್ರಸಿದ್ಧವಾಗಿದೆ. ಆ ದೃಷ್ಟಾಂತದಲ್ಲಿ ಕುಂಟನು ಹೊರೆಯಲ್ಲ. ಅವನಿಲ್ಲದೆ ಕುರುಡನ ಕಾಲುಗಳಿಗೆ ದಿಕ್ಕಿಲ್ಲ. ಡೋಲಿಯನ್ನು ಒಲ್ಲೆನೆಂದ ವೃದ್ಧರು ಬೆಟ್ಟದ ಬುಡದಲ್ಲಿ ಕುಳಿತು, ಕಾಲುಳ್ಳವನಿಗೆ ಕಣ್ಣಾದರು. ಅನಂತರ ಹುಡುಗನು ಫೋನನ್ನು ಮೆಟ್ಟಿಲುಗಳ ಕಡೆಗೆ ತಿರುಗಿಸಿದನು. ಒಂದು ಮೆಟ್ಟಿಲು ಬಂದಾಗ ತಾತ, “ನಿಲ್ಸು” ಎಂದರು. ಯಾಕೆಂದು ಹುಡುಗನು ಕೇಳಲಿಲ್ಲ.

ಆ ಬಂಡೆಯ ಮೇಲಿನ ಅಕ್ಷರಗಳು ಮೌರ್ಯ ಚಕ್ರವರ್ತಿ ಅಶೋಕನವು. ವಯಸ್ಸು 2,200 ವರ್ಷಗಳಿಗೂ ಹೆಚ್ಚು. ಇದೂ, ಕೆಲವೇ ಮೈಲಿಗಳ ಅಂತರದಲ್ಲಿರುವ ಬ್ರಹ್ಮಗಿರಿ ಸಿದ್ದಾಪುರಗಳ ಶಾಸನಗಳೂ 1892ರಲ್ಲಿ ಬಿ. ಎಲ್. ರೈಸರಿಂದ ಬೆಳಕಿಗೆ ಬಂದುವು. ಮೂರರಲ್ಲಿ ಜಟಿಂಗರಾಮೇಶ್ವರದ್ದೇ ಬಹಳ ಸವೆದಿದೆ. ಬಿಸಿಲು ಮಳೆಗಳ ಜೊತೆಗೆ ಸಾವಿರಾರು ಯಾತ್ರಿಕರ ಪಾದಗಳೂ, ಬಳೆ ಹರವಿದ ಗೋಣಿಗಳೂ ಅದನ್ನು ಉಜ್ಜಿದ್ದರೆ ಆಶ್ಚರ್ಯವಿಲ್ಲ. ನಡೆಯಬಲ್ಲವರು ನಡೆದರು, ನೋಡಲಿಲ್ಲ. ಯಾರ ಮೇಲೂ ದೋಷ ಹೊರಿಸುವಂತಿಲ್ಲ.

ಆದರೆ ಒಂದು ಸಂಗತಿಯನ್ನು ವಾಚಕರು ಲಕ್ಷ್ಯಕ್ಕೆ ತರಬೇಕು. ಶಾಸನವನ್ನು ಪ್ರತಿಮಾಡುವ ವಿಧಾನ ಬಲು ಸರಳವಾದುದು. ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಿಗೆ ಇಳಿಸುತ್ತಾರೆ. ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ನಿಲ್ಲುತ್ತವೆ. ಅಂಥ ಪ್ರತಿಗಳು ಸಮುದ್ರವನ್ನು ದಾಟಿ ಹೋದುವು. ಆಗ ವಿಯೆನ್ನಾ ನಗರದಲ್ಲಿದ್ದ ಪಂಡಿತ ಬ್ಯೂಲರನು ಈ ಶಾಸನಗಳನ್ನು ಓದಿ ಅರ್ಥವನ್ನು ಪ್ರಕಟಿಸಿದನು. ಅದಕ್ಕಾಗಿ ಅವನು ಈ ಬೆಟ್ಟದ ಒಂದು ಮೆಟ್ಟಿಲನ್ನೂ ಹತ್ತಬೇಕಾಗಲಿಲ್ಲ. ವಿಯೆನ್ನಾದ ಪಂಡಿತನಿಗಾಗಿ ಕೆಳಗಿಳಿದ ಶಾಸನವು ಮೊಳಕಾಲ್ಮೂರಿನ ನೇಕಾರನಿಗಾಗಿ ಏಕೆ ಇಳಿಯಬಾರದು? ಬೆಟ್ಟದ ಬುಡದಲ್ಲಿ, ನಿಂತವರಿಗೂ ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಕೈಗೆ ಎಟುಕುವ ಎತ್ತರದಲ್ಲಿ, ಅದೇ ಅಕ್ಷರಗಳನ್ನು ಕೊರೆದ ಒಂದು ಕಲ್ಲನ್ನು ಕನ್ನಡದ ಅರ್ಥದೊಡನೆ ನಿಲ್ಲಿಸಿದರೆ, ಕಣ್ಣು ಕಾಣದವರೂ ಬೆರಳಿನಿಂದ ಅದನ್ನು ಓದಬಹುದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳೊಳಗೆ ಹೊಸ ಕಟ್ಟಡ ಕೂಡದೆಂಬ ನಿಯಮವುಂಟು, ಒಳ್ಳೆಯ ನಿಯಮವೇ. ಬೆಟ್ಟದ ಬುಡವಾದರೋ ಆ ಬಂಡೆಯಿಂದ ಬಹು ದೂರ.

ಇದು ಪರದೇಶದಿಂದ ಕಲಿಯಬೇಕಾದ ಪಾಠವಲ್ಲ. ಗುಡಿಯ ಮೂಲಮೂರ್ತಿಯು ಅಚಲ, ಉತ್ಸವಮೂರ್ತಿಯು ಚಲ. ಗರ್ಭಗುಡಿಗೆ ಬರಲಾರದ ವೃದ್ಧರಿಗೂ ರೋಗಿಗಳಿಗೂ ದರ್ಶನವಾಗುವುದು ದೇವರು ತಾನೇ ಬೀದಿಗೆ ಬಂದಾಗ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ರಥವು ಫಾಲ್ಗುಣದಲ್ಲಿ ಹೊರಡುವಾಗ ಮನೆಯ ಜಗುಲಿಯಲ್ಲಿಯೇ ಕುಳಿತು ಕೈಮುಗಿಯುವ ಅಜ್ಜಿಯರನ್ನು ಯಾರು ಕಂಡಿಲ್ಲ? ರಾಮಾಯಣದಲ್ಲಿಯೂ ಹಾಗೆಯೇ ಆಯಿತು. ರೆಕ್ಕೆ ಕಳೆದುಕೊಂಡ ಜಟಾಯುವು ರಾಮನಿದ್ದೆಡೆಗೆ ತೆವಳಿ ಹೋಗಲಿಲ್ಲ. ರಾಮನೇ ಅವನು ಬಿದ್ದಲ್ಲಿಗೆ ಬಂದನು, ಮಾತನ್ನು ಕೇಳಿದನು, ತಂದೆಗೆ ಮಾಡುವಂತೆ ಅಂತ್ಯಕ್ರಿಯೆಯನ್ನು ಮಾಡಿದನು. ಸೀತೆಯ ಸುದ್ದಿಯನ್ನು ರಾಮನಿಗೆ ಕೊಟ್ಟವನು ಚಲಿಸಲಾರದ ಆ ಪಕ್ಷಿಯೇ. ಅವನ ಹೆಸರಿನ ಬೆಟ್ಟದಲ್ಲಿಯೇ ಚಲಿಸಲಾರದವನು ಬುಡದಲ್ಲಿ ಕುಳಿತು ಹಿಂದಿರುಗಬೇಕಾದರೆ, ಕಥೆಯನ್ನು ಕೇಳಿದವರು ಅರ್ಧವನ್ನಷ್ಟೆ ಕೇಳಿದ್ದಾರೆಂದು ಹೇಳಬೇಕಾಗುತ್ತದೆ.

ಹಿಂದಿರುಗುವಾಗ ಅವರಿಬ್ಬರೂ ಬ್ರಹ್ಮಗಿರಿಗೆ ಹೋದರು. 1947ರಲ್ಲಿ ಮಾರ್ಟಿಮರ್ ವ್ಹೀಲರರು ಅಗೆಸಿ ಪ್ರಾಚೀನ ಜನವಸತಿಯ ಪದರುಗಳನ್ನು ತೋರಿಸಿಕೊಟ್ಟ ಸ್ಥಳ ಅದು. ಅಲ್ಲಿಯ ಶಾಸನವಿರುವ ಬಂಡೆಗೆ ಜನರು ಇಟ್ಟ ಹೆಸರು ಅಕ್ಷರಗುಂಡು. ಅದು ಬೆಟ್ಟದ ಬುಡಕ್ಕೆ ಹತ್ತಿರವಾಗಿದೆ. ರಕ್ಷಣೆಗಾಗಿ ಮಾಡು ಕಟ್ಟಿದ್ದಾರೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮೊಮ್ಮಗನ ಭುಜದ ಮೇಲೆ. ನಾಲ್ಕು ಸಲ ಕುಳಿತು, ಐದನೆಯ ಸಲ ಎದ್ದು, ನೇಕಾರರು ಆ ಬಂಡೆಯ ಎದುರಿಗೆ ತಮ್ಮ ಕಾಲಿನ ಮೇಲೆಯೇ ನಿಂತರು. ಹುಡುಗನು ಫೋನಿನಲ್ಲಿ ಹುಡುಕಿ ಅರ್ಥವನ್ನು ಓದಿ ಹೇಳಿದನು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅದು. ತಂದೆತಾಯಿಗಳ ಮಾತನ್ನು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದು ಮುಂತಾಗಿ ಅದರ ಉಪದೇಶ. ಉನ್ನತವಾದ ಫಲವು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಪ್ರಯತ್ನಿಸಿದರೆ ಸಣ್ಣವನಿಗೂ ದೊರೆಯುವುದು ಎಂಬುದು ಅದರ ಸಾರ. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ಆದರೆ ಇವೆಲ್ಲಕ್ಕೂ ಮೊದಲು, ಆಜ್ಞೆಯನ್ನು ಹೇಳುವುದಕ್ಕೆ ಮುಂಚೆ, ಇಸಿಲದವರ ಆರೋಗ್ಯವನ್ನು ವಿಚಾರಿಸಿದೆ.

ಹುಡುಗನು ಆ ಭಾಗವನ್ನು ಅವಸರದಲ್ಲಿ ದಾಟಿ ಮುಂದಕ್ಕೆ ಹೋಗಿದ್ದನು. ತಾತ ತಡೆದರು.

“ಅದನ್ನ ಇನ್ನೊಂದ್ಸಲ ಓದು ಮಗಾ. ಮೊದಲು ಏನು ಕೇಳ್ಯಾರೆ?”

“ಆರೋಗ್ಯ ತಾತ. ಆರೋಗ್ಯವಾಗಿದೀರಾ ಅಂತ.”

ನೇಕಾರರು ಸ್ವಲ್ಪ ಹೊತ್ತು ಬಂಡೆಯನ್ನೇ ನೋಡಿದರು. ಮೊಳಕಾಲನ್ನು ಒಮ್ಮೆ ನೀವಿಕೊಂಡರು.

“ಮಂಡಿ ಒಂದು ಬಿಟ್ರೆ ಎಲ್ಲಾ ಚೆನ್ನಾಗೈತೆ ಅನ್ನು” ಎಂದು ಹೇಳಿ, ಕೋಲನ್ನು ಊರಿ, ಬಸ್ಸಿನ ಹೊತ್ತನ್ನು ಕೇಳಿದರು.